ಊದುಬತ್ತಿಯ ಕಡ್ಡಿ ಯಾವ ಊರಿನದು?

ಬೆಂಗಳೂರು ಗಾಂಧಿನಗರದ ಅಣ್ಣಮ್ಮನ ಗುಡಿಗೆ ಹೂವು, ಕಾಯಿ, ಕರ್ಪೂರದ ಜೊತೆ ಊದುಬತ್ತಿ ಒಯ್ಯುವವರಿಗೆ ಅದು ಬೆಂಗಳೂರಿನದೋ ಮೈಸೂರಿನದೋ ಎಂಬುದರಲ್ಲಿ ಅನುಮಾನವೇ ಇರುವುದಿಲ್ಲ. ಪೊಟ್ಟಣದ ಮೇಲಿನ ವಿಳಾಸವೂ ಅದನ್ನೇ ಹೇಳುತ್ತದೆ. 1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಆರಂಭಿಸಿದ ಉದ್ಯಮ ಇಂದು ‘ಸೈಕಲ್’ ಹೆಸರಿನಲ್ಲಿ ಮನೆಮಾತಾಗಿದೆ. ಮೈಸೂರು ಅಗರಬತ್ತಿಗೆ ಜಿಐ ಮಾನ್ಯತೆಯೂ ಇದೆ. ಗಂಧ ನಮ್ಮದೇ. ಕಡ್ಡಿಯ ಕಥೆ ಬೇರೆ.

ವಿಯೆಟ್ನಾಂ, ಚೀನಾಗಳಿಂದ ಬಿದಿರಿನ ಕಡ್ಡಿಯಷ್ಟೇ ಅಲ್ಲ, ಹೊಸೆದು ಒಣಗಿಸಿದ ಕಚ್ಚಾ ಬತ್ತಿಯೂ ಹಡಗೇರಿ ಬರತೊಡಗಿತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಲೆಕ್ಕದಂತೆ 2009ರಲ್ಲಿ 31 ಕೋಟಿ ರೂಪಾಯಿಯಷ್ಟಿದ್ದ ಕಚ್ಚಾ ಬತ್ತಿಯ ಆಮದು 2019ರ ಹೊತ್ತಿಗೆ 546 ಕೋಟಿಗೆ ಏರಿತು. 2011ರಲ್ಲಿ ಸುಂಕವನ್ನು ಶೇ 30ರಿಂದ 10ಕ್ಕೆ ಇಳಿಸಿದ್ದೇ ಇದಕ್ಕೆ ಕಾರಣ ಎನ್ನುತ್ತದೆ ಆಯೋಗ. ಇಲ್ಲಿನ ಕಾರ್ಖಾನೆಗೆ ಉಳಿದದ್ದು ಸುಗಂಧದಲ್ಲಿ ಅದ್ದಿ ಪೊಟ್ಟಣ ಕಟ್ಟುವ ಕೆಲಸ. ಹೊಸೆಯುವ ಹೆಂಗಸರ ಕೈ ಖಾಲಿಯಾಯಿತು.

2019ರ ಆಗಸ್ಟ್ ಕೊನೆಗೆ ಕೇಂದ್ರ ಸರ್ಕಾರ ಅಗರಬತ್ತಿಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಇದು ಸರಿಯಾದ ಹೆಜ್ಜೆ. 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿದ್ದನ್ನು ಮಾತ್ರ ಹಾಗೆ ಕಣ್ಣುಮುಚ್ಚಿ ಹೊಗಳಲಾಗದು. ಬತ್ತಿ ತಡೆದರೆ ಹೊಸೆಯುವವರಿಗೆ ಕೆಲಸ ಸಿಗುತ್ತದೆ. ಕಡ್ಡಿ ದುಬಾರಿಯಾದರೆ ಅದೇ ಕೆಲಸ ಕೊಡುವ ಸಣ್ಣ ಉದ್ದಿಮೆದಾರನ ಜೇಬಿಗೆ ಕತ್ತರಿ ಬೀಳುತ್ತದೆ.

ಬಿದಿರಿಗೆ ನಮ್ಮಲ್ಲಿ ಬರವೇ? ಇಲ್ಲ. 2017ರಲ್ಲಿ ಅರಣ್ಯ ಕಾಯ್ದೆ ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ‘ಮರ’ದ ಪಟ್ಟಿಯಿಂದ ಕೈಬಿಟ್ಟದ್ದೂ ಆಗಿದೆ. ತೊಡಕಿರುವುದು ಸೀಳುವಲ್ಲಿ. ಒಂದು ಬಿದಿರಿನಲ್ಲಿ ಊದುಬತ್ತಿ ಕಡ್ಡಿಗೆ ಒದಗುವುದು ಹೊರಪದರದ ಹೆಚ್ಚೆಂದರೆ ಶೇ 16 ಭಾಗ. ಉಳಿದ ಶೇ 84 ವ್ಯರ್ಥ ಎಂದು ಆಯೋಗವೇ ಹೇಳಿದೆ. ಆ ಉಳಿಕೆಗೆ ಬೆಲೆ ಬಾರದಿದ್ದರೆ ಇಡೀ ಬಿದಿರಿನ ಖರ್ಚನ್ನು ಆ ಚೂರು ಕಡ್ಡಿಯೇ ಹೊರಬೇಕು. ಇದ್ದಿಲು ಮಾಡಿ ಹೊರದೇಶಕ್ಕೆ ಮಾರೋಣವೆಂದರೆ ರಫ್ತಿಗೇ ನಿಷೇಧವಿತ್ತು! ಅದು ತೆರವಾದದ್ದು 2022ರ ಮೇ ತಿಂಗಳಲ್ಲಿ, ಸುಂಕ ಏರಿ ಸುಮಾರು ಎರಡು ವರ್ಷದ ಮೇಲೆ. ಮೊದಲು ಆಗಬೇಕಾದದ್ದು ಕೊನೆಗೆ ಆಯಿತು.

ಇನ್ನು ಕೂಲಿ. ಸಾವಿರ ಬತ್ತಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮನೆಯಲ್ಲೇ ಕುಳಿತು ಹೊಸೆಯುವ ಹೆಂಗಸರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ನಿರ್ಬಂಧದಿಂದ ಮರಳಿ ಬಂದ ಕೆಲಸವನ್ನು ಯಂತ್ರಗಳು ಬಾಚಿಕೊಂಡರೆ ಇವರಿಗೆ ದಕ್ಕಿದ್ದೇನು? ಅಗರಬತ್ತಿ ಉದ್ಯಮಕ್ಕೂ ಕನಿಷ್ಠ ವೇತನ ಗೊತ್ತುಮಾಡುವ ರಾಜ್ಯ ಸರ್ಕಾರ, ಆ ದರ ಮನೆಯಲ್ಲಿ ಹೊಸೆಯುವವರಿಗೂ ತಲುಪುತ್ತಿದೆಯೇ ಎಂದು ಹೋಗಿ ನೋಡಲಿ. ಕೇಂದ್ರವೂ ಕಡ್ಡಿ ಸುಂಕದ ಹಣದಲ್ಲಿ ಒಂದು ಪಾಲನ್ನು ಬಿದಿರು ಬೆಳೆಯುವ ರೈತರಿಗೆ, ಸೀಳುವ ಘಟಕಗಳಿಗೆ ಕೊಡಲಿ.