ಕರಡಿಗಿಲ್ಲದ ಎರಡು ಹಲ್ಲು

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ನೆರೆಮನೆಯ ಹುಡುಗನೊಬ್ಬನು, ಹಿಂದಿನವರು ಅಮರಕೋಶವನ್ನು ಉರುಹಚ್ಚುತ್ತಿದ್ದಂತೆ, ಬೆಳಗಿನ ಜಾವವೇ ಎದ್ದು ಪ್ರಾಣಿವರ್ಗೀಕರಣದ ಕೋಷ್ಟಕವನ್ನು ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಹೊಸಪೇಟೆಯ ನಮ್ಮ ಓಣಿಯಲ್ಲಿ ನಾನು ದಿನವೂ ಕೇಳುತ್ತೇನೆ. ಅವನ ಶ್ರಮವನ್ನು ಹಳಿಯಲಾರೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ ಆಗಿರುವಾಗ ಪಾಪ, ಅವನಾದರೂ ಏನು ಮಾಡಿಯಾನು? “ದರೋಜಿಗೆ ಹೋಗಿ ಕರಡಿ ನೋಡಿದ್ದೀಯೇನಪ್ಪಾ?” ಎಂದು ಮೊನ್ನೆ ಕೇಳಿದೆ. “ಇಲ್ರೀ ಮಾಮಾ, ಅದು ಪರೀಕ್ಷೆಗೆ ಬರಂಗಿಲ್ಲ” ಎಂದ.

ಹಂಪಿಗೆ ಅನತಿದೂರದಲ್ಲಿ, ಕಮಲಾಪುರದಾಚೆಯ ಬಂಡೆಗುಡ್ಡಗಳ ನಡುವೆ, 1994ರಿಂದ ದರೋಜಿಯ ಕರಡಿಧಾಮವುಂಟು. ಇಳಿಹೊತ್ತಿನಲ್ಲಿ ಬಂಡೆಗಳ ಮೇಲೆ ಸುಳಿಯುವ ಕರಡಿಗಳನ್ನು ಅಲ್ಲಿನ ವೀಕ್ಷಣಾಗೋಪುರದಿಂದ ಕಾಣಬಹುದು. ಇದೇ ಜಾತಿಯ ಕರಡಿಯನ್ನು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಷಾ 1791ರಲ್ಲಿ, ಅದರ ನೀಳವಾದ ಉಗುರುಗಳನ್ನೂ ವಿಲಕ್ಷಣವಾದ ಹಲ್ಲುಗಳನ್ನೂ ಗಮನಿಸಿ, ಅಮೆರಿಕದ ಕಾಡುಗಳಲ್ಲಿ ಮರಕ್ಕೆ ಜೋತುಬಿದ್ದು ಬಾಳುವ ಸ್ಲಾತ್ ಎಂಬ ಜಡಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟನು. ಆ ತಪ್ಪು ಮುಂದೆ ನಿವಾರಣೆಯಾಯಿತಾದರೂ ಸ್ಲಾತ್ ಕರಡಿಯೆಂಬ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಉಳಿದೇ ಉಳಿಯಿತು. ದರೋಜಿಯ ಕುರಿಗಾಹಿ ಬಾಲಕನು ಇಂಥ ಪ್ರಮಾದಕ್ಕೆ ಎಂದೂ ಒಳಗಾಗುತ್ತಿರಲಿಲ್ಲ! ಆ ಹಲ್ಲಿನ ಸಂಗತಿಯಾದರೂ ಎಂಥದು! ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಈ ಕರಡಿಗಿಲ್ಲ. ಗೆದ್ದಲ ಹುತ್ತವನ್ನು ಬಗೆದು, ಮೂತಿಯಿಟ್ಟು ಮಣ್ಣನ್ನು ಊದಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಸಂದಿನಿಂದಲೇ ಅದು ಹುಳುಗಳನ್ನು ಸೊರ್ರೆಂದು ಹೀರುತ್ತದೆ. ಅಂಗರಚನೆ, ಆಹಾರ, ವಿಕಾಸ ಎಂದು ಪುಸ್ತಕದಲ್ಲಿ ಬೇರೆಬೇರೆಯಾಗಿರುವ ಅಧ್ಯಾಯಗಳು ಒಂದೇ ಬಾಯಿಯೊಳಗೆ ಕೂಡಿಕೊಂಡಿವೆ.

ಪಿಯು ಜೀವಶಾಸ್ತ್ರದಲ್ಲಿ ಪ್ರಾಯೋಗಿಕ ಪರೀಕ್ಷೆಗೆಂದೇ 30 ಅಂಕಗಳಿವೆ. ಆ ಪ್ರಯೋಗಗಳು ಗಾಜಿನ ಭರಣಿಯೊಳಗೆ ಬಣ್ಣಗೆಟ್ಟ ಮಾದರಿಗಳ ಮುಂದೆಯೇ ಮುಗಿಯಬೇಕೆಂಬ ನಿರ್ಬಂಧವನ್ನು ಮಾತ್ರ ನಾನು ಒಪ್ಪಲಾರೆ. ಎಲೆಯ ಸಿಪ್ಪೆ ಸುಲಿದು ಪತ್ರರಂಧ್ರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪಾಠ ಹೇಗೂ ಇದ್ದೇ ಇದೆ; ಸಂಡೂರಿನಲ್ಲಿ ಅದಿರಿನ ಲಾರಿಗಳು ಓಡಾಡುವ ರಸ್ತೆಯಂಚಿನ ಕೆಂದೂಳು ಮೆತ್ತಿದ ಎಲೆಯೊಂದನ್ನೂ, ಕುಮಾರಸ್ವಾಮಿ ಗುಡಿಯ ಕಡೆಯ ಕಾಡಿನಿಂದ ಅದೇ ಜಾತಿಯ ಗಿಡದ ಎಲೆಯೊಂದನ್ನೂ ತಂದು ಪಕ್ಕಪಕ್ಕದಲ್ಲಿಟ್ಟು ನೋಡಲು ಹೆಚ್ಚಿನ ಖರ್ಚೇನು ಬಂದೀತು?

ತುಂಗಭದ್ರೆಯ ವಿಷಯವೂ ಹೀಗೆಯೇ. ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದೀಪಾತ್ರವನ್ನು ಸರ್ಕಾರ 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲಾಗಿಟ್ಟಿತು. ಆ ಪ್ರಾಣಿ ಕಣ್ಣಿಗೆ ಬೀಳದಿದ್ದರೂ ದಡದ ಬಂಡೆಯ ಮೇಲೆ ಅದು ಬಿಟ್ಟುಹೋದ ಲದ್ದಿ ಸಿಕ್ಕಬಹುದು. ಕಡ್ಡಿಯಿಂದ ಕೆದಕಿದರೆ ಮೀನಿನ ಹುರುಪೆಯೂ ಸಣ್ಣ ಮುಳ್ಳುಗಳೂ ಕೈಗೆ ಬರುತ್ತವೆ. ಆಹಾರಸರಪಳಿಯ ಚಿತ್ರವನ್ನು ಬಾಣದ ಗುರುತುಗಳೊಡನೆ ಹತ್ತು ಸಾರಿ ಬರೆದ ವಿದ್ಯಾರ್ಥಿ ಇದನ್ನೊಮ್ಮೆ ಮೂಸಿ ನೋಡಲಿ.

ಉಪನ್ಯಾಸಕರಿಗೆ ಸಮಯವೆಲ್ಲಿದೆ, ಪಠ್ಯ ಮುಗಿಯುವುದೆಂತು ಎಂಬ ಆಕ್ಷೇಪ ನನಗೆ ಅಪರಿಚಿತವಲ್ಲ. ವರ್ಷಕ್ಕೆ ಎರಡು ಭಾನುವಾರ ಸಾಕು. ಬಲೆ ಹರಿದುಹೋದ ಸಿಟ್ಟಿನಲ್ಲೇ ನೀರುನಾಯಿಯ ಗುಣಾವಗುಣಗಳನ್ನು ಬಲ್ಲ ಕಂಪ್ಲಿಯ ಬೆಸ್ತರೊಬ್ಬರನ್ನು ಅಂದು ಉಪನ್ಯಾಸಕರ ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಇನ್ನೂ ಒಳ್ಳೆಯದು. ಅವರ ಬೈಗುಳನ್ನೂ ಹುಡುಗರು ಬರೆದುಕೊಳ್ಳಲಿ.