ಸೈನೈಡ್ ದಿಬ್ಬ ಎತ್ತುವವರು ಯಾರು? ಎತ್ತಿ ಸುರಿಯುವುದೆಲ್ಲಿ?

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದವರಿಗೆ ಉರಿಗಾಂ ಹತ್ತಿರ ಬರುವಷ್ಟರಲ್ಲಿ ಕಿಟಕಿಯಾಚೆ ಬೂದು ಬಣ್ಣದ ಗುಡ್ಡಗಳು ಕಾಣುತ್ತವೆ. ಹೊಸಬರು ಬೆಟ್ಟ ಅಂದುಕೊಳ್ಳುತ್ತಾರೆ. 2018ರಲ್ಲಿ ಬಂದ 'ಕೆ.ಜಿ.ಎಫ್' ಸಿನಿಮಾದಲ್ಲಿ ಇವನ್ನೇ ನೋಡಿ ಸೀಟಿ ಹೊಡೆದವರೂ ಉಂಟು. ಊರಿನವರಿಗೆ ಇದು ಬೆಟ್ಟವೂ ಅಲ್ಲ, ಸಿನಿಮಾವೂ ಅಲ್ಲ. ಇದು ಸೈನೈಡ್ ದಿಬ್ಬ. ಬೇಸಿಗೆ ಗಾಳಿ ಎದ್ದರೆ ಸಾಕು, ಅಂಗಡಿಯ ಅಕ್ಕಿ ಮೂಟೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ, ತಿನ್ನುವ ಅನ್ನದ ಮೇಲೆ ಧೂಳೋ ಧೂಳು.

ಈ ದಿಬ್ಬಗಳಿಗೆ ಈಗ ಯೋಗ ಬಂದಿದೆ. 13 ದಿಬ್ಬಗಳಿರುವ 1,003 ಎಕರೆ ಜಾಗದಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬ ಹೋದರೆ ಧೂಳು ಹೋಗುತ್ತೆ, ಜತೆಗೆ ಕೆಲಸ ಬರುತ್ತೆ ಎಂಬ ಆಸೆ ಹುಟ್ಟಿದೆ. ಆಸೆ ಪಡುವುದು ತಪ್ಪಲ್ಲ. ಆದರೆ ಲೆಕ್ಕ ಕೇಳದೆ ಆಸೆ ಪಡುವುದು ತಪ್ಪು.

ದಿಬ್ಬ ಬೆಳೆದದ್ದು ಹೇಗೆ?

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಪಕ್ಕದ ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಕೂಲಿಗಳು ಬಂದರು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿಯಿತು. ಮೇಲೆ ಬಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ, ಸತುವಿನಿಂದ ಅದನ್ನು ಬೇರ್ಪಡಿಸುತ್ತಿದ್ದರು. ಚಿನ್ನ ಹೊರಗೆ ಹೋಯಿತು. ಹಿಟ್ಟು ಊರಿನಲ್ಲೇ ಉಳಿಯಿತು.

1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಮನೆಗೆ ಹೋದರು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಬಿಳಿಯರ ಕಂಪನಿ ಹೋಯಿತು, ಸರ್ಕಾರಿ ಕಂಪನಿಯೂ ಮುಚ್ಚಿತು. ದಿಬ್ಬ ಮಾತ್ರ ಕದಲಲಿಲ್ಲ.

ಹೆಸರು ಸೈನೈಡ್ ದಿಬ್ಬ ಎಂದಾದರೂ ಬಿಸಿಲಿಗೆ, ಗಾಳಿಗೆ ಸೈನೈಡು ವರ್ಷಗಳು ಕಳೆದಂತೆ ಕರಗಿ ಹೋಗುವಂಥದ್ದು. ಕರಗದೇ ಉಳಿಯುವುದು ನುಣ್ಣನೆಯ ಕಲ್ಲಿನ ಪುಡಿ. ಅದರಲ್ಲಿ ಸಿಲಿಕಾ ಇದೆ. ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಏನಾಗುತ್ತೆ ಎಂದು ಈ ಊರಿಗೆ ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತ ಗಣಿ ಕಾರ್ಮಿಕರ ಮನೆಗಳು ಇಲ್ಲಿ ಒಂದೆರಡಲ್ಲ.

ತಕ್ಕಡಿ ಹಿಡಿದು ನೋಡಿದರೆ

ದಿಬ್ಬಗಳಲ್ಲಿರುವ ಪುಡಿ ಸುಮಾರು 3.3 ಕೋಟಿ ಟನ್. ಅದರಲ್ಲಿ ಇರಬಹುದೆನ್ನುವ ಚಿನ್ನ ಸುಮಾರು 23 ಟನ್. ಅಂದರೆ ಒಂದು ಟನ್ ಪುಡಿಗೆ ಮುಕ್ಕಾಲು ಗ್ರಾಂ ಕೂಡ ಇಲ್ಲ. ಇವತ್ತಿನ ಚಿನ್ನದ ರೇಟಿಗೆ ಅದೂ ಲಾಭವೇ ಇರಬಹುದು. ಅಂಗಡಿಯವರು ತೂಕ ಬಲ್ಲವರು, ಯೋಚಿಸಲಿ: ಒಂದು ಟನ್ನಿನಿಂದ ಮುಕ್ಕಾಲು ಗ್ರಾಂ ತೆಗೆದ ಮೇಲೆ ಉಳಿಯುವುದೆಷ್ಟು? ಒಂದು ಟನ್ನೇ! ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ. ಇಲಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅಗೆದ ಬೆಟ್ಟವನ್ನು ಎಲ್ಲಿ ಸುರಿಯೋದು? ಅದಕ್ಕೆ ಜಾಗ ಗೊತ್ತುಮಾಡದೆ ಹೊರಟರೆ ಅದು ದಿಬ್ಬ ತೆರವಲ್ಲ, ದಿಬ್ಬದ ವರ್ಗಾವಣೆ. ಉರಿಗಾಮಿನ ಧೂಳು ನಾಳೆ ಬೇರೊಂದು ಊರಿನ ಧೂಳು.

ಕಟ್ಟಿ ನಿಂತ ದಿಬ್ಬ ಕೆದಕಿದರೆ ಧೂಳು ಇನ್ನೂ ಹೆಚ್ಚು. ಚಿನ್ನ ತೆಗೆಯಲು ಮತ್ತೆ ನೀರು ಬೇಕು, ಮತ್ತೆ ರಾಸಾಯನಿಕ ಬೇಕು. ಗಣಿಗೆ ಬೇತಮಂಗಲದ ಕೆರೆ ನೀರು ಕೊಟ್ಟ ಕಾಲ ಒಂದಿತ್ತು. ಕೊಡಕ್ಕೆ ಕಾಯುವ ಜಿಲ್ಲೆಯಲ್ಲಿ ಈಗ ನೀರು ಯಾರ ಪಾಲಿನದು?

ಹವಾಯಿ ಕಲಿಸುವ ಪಾಠ

ಕೆಡಿಸಿದ ನೆಲವನ್ನು ಶುಚಿ ಮಾಡುವುದು ಎಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ಹವಾಯಿಯಲ್ಲಿ ಒಂದು ಸಾಕ್ಷಿ ಇದೆ. ಅಲ್ಲಿನ ಕಹೂಲಾವೆ ದ್ವೀಪವನ್ನು ಮಿಲಿಟರಿಯವರು 1941ರಿಂದ 1990ರವರೆಗೆ ಬಾಂಬ್ ಹಾಕಿ ಪಳಗುವ ಮೈದಾನ ಮಾಡಿಕೊಂಡಿದ್ದರು. ಜನ ಹೋರಾಡಿದರು, ಬಾಂಬು ನಿಂತಿತು. 1993ರಲ್ಲಿ ಅಲ್ಲಿನ ಸಂಸತ್ತು ಕಾಯಿದೆ ಮಾಡಿ ಶುಚಿಗೊಳಿಸುವ ಕೆಲಸವನ್ನು ನೌಕಾಪಡೆಗೇ ವಹಿಸಿತು. ಹತ್ತು ವರ್ಷ, ಸುಮಾರು 40 ಕೋಟಿ ಡಾಲರ್ ಖರ್ಚು. ಇಷ್ಟಾದರೂ ದ್ವೀಪದ ಮುಕ್ಕಾಲು ಭಾಗದ ಮೇಲ್ಮೈ ಮಾತ್ರ ಶುಚಿಯಾಯಿತು. ನಾಲ್ಕು ಅಡಿ ಆಳದವರೆಗೆ ನೋಡಿದ್ದು ಹತ್ತರಲ್ಲಿ ಒಂದು ಪಾಲು. ಉಳಿದ ಕಡೆ ಇಂದಿಗೂ ಹೆಜ್ಜೆ ಇಡಲು ಭಯ.

ಅಲ್ಲಿ ಕೆಲಸ ಪೂರ್ತಿ ಆಗಲಿಲ್ಲ, ನಿಜ. ಆದರೆ ಹೊಲಸು ಮಾಡಿದವರೇ ಶುಚಿ ಮಾಡಬೇಕು ಎಂಬ ಮಾತು ಕಾಯಿದೆಯಾಯಿತು, ಹಣವೂ ಗೊತ್ತಾಯಿತು. ಇಲ್ಲಿ ಹೊಲಸು ಮಾಡಿದವರಲ್ಲಿ ಒಬ್ಬರು ವಿಲಾಯಿತಿಗೆ ಹೋದರು, ಇನ್ನೊಬ್ಬರು ನಷ್ಟದ ಲೆಕ್ಕ ತೋರಿಸಿದರು. ನಾಳೆ ಬರುವ ಗುತ್ತಿಗೆದಾರ ಚಿನ್ನ ತೆಗೆದುಕೊಂಡು ಹೊರಟರೆ ಹಿಡಿಯುವವರು ಯಾರು?

ಆದ್ದರಿಂದ ದಿಬ್ಬಕ್ಕೆ ಜೆಸಿಬಿ ನುಗ್ಗುವ ಮೊದಲೇ ನಾಲ್ಕು ಮಾತು ಕಾಗದದ ಮೇಲೆ ಬರಬೇಕು. ಉಳಿದ ಪುಡಿ ಎಲ್ಲಿಗೆ? ಧೂಳು ಏಳದಂತೆ ಏನು ವ್ಯವಸ್ಥೆ? ನೀರು ಎಲ್ಲಿಂದ? ಕೆಲಸ ಮುಗಿದ ಮೇಲೆ ನೆಲ ಸರಿಮಾಡುವ ಠೇವಣಿ ಎಷ್ಟು? ಕೆಲಸದಲ್ಲಿ ಗಣಿ ಕಾರ್ಮಿಕರ ಮಕ್ಕಳಿಗೆ ಮೊದಲ ಪಾಲು ಎಂಬುದನ್ನು ಬೇರೆ ಹೇಳಬೇಕೆ? ಬೆಳಗಾಗುವ ಮೊದಲೇ ಎದ್ದು ಬೆಂಗಳೂರು ರೈಲಿಗೆ ಓಡುವವರು ಅವರೇ ತಾನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಅನುಭವ ಈ ಊರಿಗೆ ಒಮ್ಮೆ ಆಗಿದೆ. ಇನ್ನೊಮ್ಮೆ ಬೇಡ.