ಸಾಕ್ಷಿ ಅಮೆರಿಕದಲ್ಲಿ, ಕೋರ್ಟು ಕೆಂಪೇಗೌಡ ರಸ್ತೆಯಲ್ಲಿ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕಾರಣ ಆರ್.ಟಿ. ನಗರದ ಒಂದು ಮನೆ. ನಮ್ಮ ದೊಡ್ಡಪ್ಪ ಹೋಗುವ ಮುಂಚೆ ಅದನ್ನು ಮಗಳ ಹೆಸರಿಗೆ ವಿಲ್ ಬರೆದಿಟ್ಟಿದ್ದರು. ಹಾಸಿಗೆ ಹಿಡಿದ ಅಪ್ಪನನ್ನು ಆರು ವರ್ಷ ನೋಡಿಕೊಂಡವಳು ಅಕ್ಕನೇ. ಈಗ ಅಣ್ಣಂದಿರಿಬ್ಬರೂ ಸೇರಿ ವಿಲ್ಲೇ ಸುಳ್ಳು, ನಮಗೂ ಪಾಲು ಕೊಡಿ ಅಂತ ದಾವೆ ಹಾಕಿದ್ದಾರೆ. ಯಾರದು ಸರಿ ಅಂತ ಇಲ್ಲಿ ಪಂಚಾಯ್ತಿ ಮಾಡಲ್ಲ. (ನಾನು ಅಕ್ಕನ ಕಡೆ, ಅದನ್ನು ಮುಚ್ಚಿಡೋದೂ ಇಲ್ಲ.)

ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ರಿಜಿಸ್ಟರ್ ಆಗಿದ್ದರೂ ಅಷ್ಟೇ ಸಾಲದು, ಸಾಕ್ಷಿ ಬದುಕಿದ್ದು ಕೋರ್ಟಿನ ಕೈಗೆ ಸಿಗುವ ಹಾಗಿದ್ದರೆ ಒಬ್ಬರಾದರೂ ಬಂದು "ಹೌದು, ನಾನು ನೋಡಿದೆ" ಅನ್ನಬೇಕು. ನಮ್ಮ ಇಬ್ಬರಲ್ಲಿ ಪಕ್ಕದ ಮನೆ ಮೇಷ್ಟ್ರು ತೀರಿಕೊಂಡರು. ಉಳಿದವನು ಮಹಡಿ ಮೇಲೆ ಬಾಡಿಗೆಗಿದ್ದ ಸಾಫ್ಟ್‌ವೇರ್ ಹುಡುಗ. ಈಗವನು ಅಮೆರಿಕದ ನಟ್ಟನಡುವಿನ ಒಂದೂರಲ್ಲಿದ್ದಾನೆ. ಫೋನ್ ಮಾಡಿದ ತಕ್ಷಣ "ಆಂಟಿಗೋಸ್ಕರ ಹೇಳ್ತೀನಿ, ಆದ್ರೆ ಬರೋಕಾಗಲ್ಲ, ವೀಸಾ ತಾಪತ್ರಯ ಇದೆ" ಅಂದ. ಅಕ್ಕನನ್ನು ಅವನು ಆಂಟಿ ಅನ್ನೋದು ಅವಳಿಗೆ ಇವತ್ತಿಗೂ ಇಷ್ಟವಿಲ್ಲ, ಆ ಮಾತು ಬಿಡಿ.

ಹಳೇ ದಾರಿ ಅಂದರೆ ಕಮಿಷನ್ ಅಥವಾ ವಿನಂತಿ ಪತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಲ್ಲಿದೆ. ಇಲ್ಲಿನ ಕೋರ್ಟಿನ ಕಾಗದ ದೆಹಲಿ ದಾಟಿ, ಅಲ್ಲಿನ ಅಧಿಕಾರಿಗಳನ್ನು ಮುಟ್ಟಿ, ಹೇಳಿಕೆ ಬರೆಸಿಕೊಂಡು ವಾಪಸ್ ಬರಬೇಕು. ಹೊರದೇಶದ ಸಾಕ್ಷ್ಯದ ಬಗ್ಗೆ 1970ರ ಹೇಗ್ ಒಪ್ಪಂದಕ್ಕೆ ಭಾರತ 2007ರಲ್ಲಿ ಸೇರಿದ್ದು ನಿಜ. ಆದರೆ ಅಕ್ಕನಿಗೆ ಅರವತ್ತೆರಡು. ಕಾಗದ ಊರೂರು ಸುತ್ತಿ ಬರುವ ತನಕ ಕಾಯಿ ಅಂತ ಯಾವ ಬಾಯಲ್ಲಿ ಹೇಳಲಿ?

ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮ ಹೈಕೋರ್ಟಿನದೇ 2003ರ ತೀರ್ಪು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಗೂ ಎನ್‌ಆರ್‌ಐ ಫಿಲ್ಮ್ ಪ್ರೊಡಕ್ಷನ್ ಅಸೋಸಿಯೇಟ್ಸ್‌ಗೂ ನಡೆದ ವ್ಯಾಜ್ಯ, ಸಾಕ್ಷಿ ಅಮೆರಿಕದಲ್ಲಿ. ಪರದೆ ಮೇಲೆ ಸಾಕ್ಷಿ ಹೇಳಬಹುದು ಅಂದ ನ್ಯಾಯಾಲಯ ಷರತ್ತುಗಳನ್ನೂ ಹಾಕಿತು. ಸಾಕ್ಷಿ ತಾನು ಇಂಥವನೇ ಅಂತ ನೋಟರಿ ಮುಂದೆ ಪ್ರಮಾಣಪತ್ರ ಮಾಡಬೇಕು. ಪ್ರಮಾಣವಚನ ಭಾರತದ 1969ರ ಕಾಯ್ದೆಯಂತೆ. ಕೋಣೆಯಲ್ಲಿ ಅವನೊಬ್ಬನೇ ಇದ್ದ ಅಂತ ನೋಟರಿ ಬರೆದುಕೊಡಬೇಕು. ಎರಡೂ ಕಡೆ ರೆಕಾರ್ಡಿಂಗ್ ಆಗಬೇಕು. ಖರ್ಚು ಕೇಳಿಕೊಂಡವರದೇ. ಇನ್ನೊಂದು ಷರತ್ತು ಓದಿ ನನಗೆ ನಗು ಬಂತು: ವಿಚಾರಣೆ ಭಾರತದ ಕೋರ್ಟಿನ ವೇಳೆಯಲ್ಲೇ, ಅಲ್ಲಿ ರಾತ್ರಿ ಅನ್ನೋ ನೆಪ ನಡೆಯಲ್ಲ! ಇಲ್ಲಿ ಬೆಳಿಗ್ಗೆ 11 ಅಂದರೆ ನಮ್ಮ ಹುಡುಗನಿಗೆ ಚಳಿಗಾಲದಲ್ಲಿ ಹಿಂದಿನ ರಾತ್ರಿ 11:30, ಬೇಸಿಗೆಯಲ್ಲಿ ನಡುರಾತ್ರಿ 12:30. ಅವನು ಒಪ್ಪಿದ. ರಾತ್ರಿಯೆಲ್ಲಾ ಕೂತು ಬೆಂಗಳೂರಿನ ಜೊತೆ ಮೀಟಿಂಗ್ ಮಾಡೋದು ಅವನಿಗೇನು ಹೊಸದಲ್ಲ.

ಅಂತೂ ದಾರಿ ಸಿಕ್ಕಿತು ಅಂದುಕೊಂಡೆವು. ಸಿಕ್ಕಿಬಿದ್ದದ್ದು ಆಮೇಲೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಕೋರ್ಟುಗಳ ವಿಡಿಯೋ ಕಾನ್ಫರೆನ್ಸಿಂಗ್‌ಗೆ ಮಾದರಿ ನಿಯಮಗಳು ಬಂದವು. ಸಾಕ್ಷಿ ಹೊರದೇಶದಲ್ಲಿದ್ದರೆ ಆ ಕಡೆಯ ಉಸ್ತುವಾರಿಗೆ ಭಾರತದ ರಾಯಭಾರ ಕಚೇರಿಯ ಅಥವಾ ಕಾನ್ಸುಲೇಟಿನ ಅಧಿಕಾರಿ ಇರಬೇಕು ಅನ್ನುತ್ತವೆ ಅವು. ಉದ್ದೇಶ ಒಳ್ಳೆಯದೇ. ಕ್ಯಾಮೆರಾ ಹಿಂದೆ ನಿಂತು ಯಾರೋ ಉತ್ತರ ಹೇಳಿಕೊಟ್ಟರೆ ಇಲ್ಲಿ ಕೂತವರಿಗೆ ಗೊತ್ತಾಗೋದು ಹೇಗೆ? ಆದರೆ ನಮ್ಮ ಹುಡುಗನಿಗೆ ಹತ್ತಿರದ ಕಾನ್ಸುಲೇಟ್ ಕಾರಿನಲ್ಲಿ ಆರು ಗಂಟೆ ದೂರ. ಅಲ್ಲಿಗೆ ಹೋದರೂ ನಮ್ಮ ಕೋರ್ಟು ಶುರುವಾಗುವ ಹೊತ್ತಿಗೆ ಯಾವ ಸರ್ಕಾರಿ ಕಚೇರಿ ಬಾಗಿಲು ತೆರೆದಿರುತ್ತೆ ಹೇಳಿ? ಒಂದು ಕಡೆ ಇಲ್ಲಿನ ವೇಳೆ, ಇನ್ನೊಂದು ಕಡೆ ಅಲ್ಲಿನ ಅಧಿಕಾರಿ. ಇವೆರಡೂ ಒಟ್ಟಿಗೆ ಕೂಡಿ ಬರೋದು ಹುಣ್ಣಿಮೆ ಅಮಾವಾಸ್ಯೆ ಒಂದೇ ದಿನ ಬಂದ ಹಾಗೆ.

ನನ್ನ ಅಭಿಪ್ರಾಯ ಇಷ್ಟು. ಕೊಲೆ ಕೇಸು, ಕೋಟಿಗಟ್ಟಲೆ ವಂಚನೆ ಅಂದರೆ ಕಾನ್ಸುಲೇಟ್ ಇರಲಿ. ಒಂದು ಮನೆಯ ವಿಲ್‌ಗೆ, ಎದುರು ಪಕ್ಷದವರಿಗೂ ಮುಖ ಪರಿಚಯವಿರುವ ಸಾಕ್ಷಿಗೆ, 2003ರ ನೋಟರಿ ಪದ್ಧತಿ ಧಾರಾಳ ಸಾಕು. ಎದುರಿನವರಿಗೆ ಅನುಮಾನವಿದ್ದರೆ ತಮ್ಮ ಕಡೆಯವರೊಬ್ಬರನ್ನು ಆ ಕೋಣೆಗೆ ಕಳಿಸಲಿ, ಆ ಖರ್ಚನ್ನೂ ನಾವೇ ಕೊಡುತ್ತೇವೆ. ತೀರಾ ಕಷ್ಟವಾದ ಕಡೆ ನಿಯಮ ಸಡಿಲಿಸುವ ಅಧಿಕಾರವನ್ನು ಅದೇ ಮಾದರಿ ನಿಯಮಗಳು ಹೈಕೋರ್ಟಿಗೆ ಕೊಟ್ಟಿವೆ. ಅದನ್ನು ಒಬ್ಬೊಬ್ಬರೂ ವಕೀಲರನ್ನಿಟ್ಟು ಬೇಡಿಕೊಳ್ಳುವ ಬದಲು, ಸಿವಿಲ್ ದಾವೆಗಳಿಗೆಲ್ಲಾ ಒಂದೇ ಸಲ ಅನ್ವಯಿಸಿಬಿಟ್ಟರೆ ಏನು ನಷ್ಟ? ಯಲಹಂಕ, ಸಹಕಾರನಗರದ ಕಡೆ ಮಕ್ಕಳು ಹೊರದೇಶದಲ್ಲಿಲ್ಲದ ಬೀದಿ ಒಂದಾದರೂ ಇದ್ದರೆ ತೋರಿಸಿ.

ನಮ್ಮ ವಕೀಲರಿಗೆ ಇದು ಅಷ್ಟು ಹಿಡಿಸಿಲ್ಲ. "ಸಾಕ್ಷಿ ಕೋರ್ಟಿನ ವ್ಯಾಪ್ತಿಯಲ್ಲಿಲ್ಲ ಅಂದುಬಿಡೋಣ, ಕೈಬರಹ ಗುರುತಿಸೋರನ್ನ ತರೋಣ" ಅಂತಾರೆ. ಬದುಕಿರುವ, ಬಾಯಿಬಿಟ್ಟು ಹೇಳಲು ತಯಾರಿರುವ ಮನುಷ್ಯನನ್ನು ಬಿಟ್ಟು ಕೈಬರಹ ಯಾಕೆ ಸಾರ್ ಅಂತ ನಾನು. ಅಕ್ಕ ಇಬ್ಬರ ಮಾತನ್ನೂ ಕೇಳಿ ಕೊನೆಗೆ ಅರ್ಜಿ ಹಾಕಿಸಿದಳು. ಮುಂದಿನ ತಿಂಗಳು ವಾದವಿದೆ.

ಹೊರದೇಶದಲ್ಲಿ ಕೂತು ಇದನ್ನು ಓದುತ್ತಿರುವ ಗೆಳೆಯರೇ, ಊರು ಬಿಡುವ ಮುಂಚೆ ಯಾರ ವಿಲ್ ಮೇಲಾದರೂ ಸಹಿ ಹಾಕಿದ್ದೀರಾ, ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾನ್ಸುಲೇಟಿನಿಂದ ಸಾಕ್ಷಿ ಹೇಳಿ ಬಂದವರು ಯಾರಾದರೂ ಇದ್ದರೆ ಎಷ್ಟು ಹೊತ್ತಿಗೆ ಕರೆದರು, ಹೇಗೆ ನಡೆಯಿತು ಅಂತ ಕೆಳಗೆ ಬರೆಯಿರಿ. ಅಕ್ಕನಿಗೆ ಓದಿ ಹೇಳುತ್ತೇನೆ.